ಅಗ್ಗದ ಕೀ ಯಾರದು?

ಚಿಕ್ಕೋಡಿ ಕಡೆ ಸಂತೆಯಲ್ಲಿ ಎಮ್ಮೆ ಕೊಳ್ಳೋರು ಮೊದಲು ಕೇಳೋದು "ಯಾರದಿದು?" ಅಂತ. ಗೇಮ್ ಕೀ ಕೊಳ್ಳುವಾಗ ಮಾತ್ರ ನಾವು ಬೆಲೆ ಅಷ್ಟೇ ನೋಡ್ತೀವಿ. ಸ್ಟೀಮ್‌ನಲ್ಲಿ ಆಕ್ಟಿವೇಟ್ ಆದರೆ ಕೀ ಅಸಲಿ, ನಿಜ. ಆದ್ರೆ ಕದ್ದದ್ದಲ್ಲ ಅನ್ನೋಕೆ ಅದು ಸಾಕ್ಷಿಯಲ್ಲ. ಕದ್ದ ಕಾರ್ಡಿನಲ್ಲಿ ಕೊಂಡ ಕೀ ಆಗಿದ್ದರೆ ಬ್ಯಾಂಕು ಹಣ ವಾಪಸ್ ಪಡೆಯುತ್ತೆ, ನಷ್ಟ ಗೇಮ್ ಮಾಡಿದವರಿಗೆ.

ಜಿಟುಎ ತಾಣದಲ್ಲಿ 2016ರಲ್ಲಿ 'ಫ್ಯಾಕ್ಟೋರಿಯೊ' ಗೇಮಿನ 198 ಅಕ್ರಮ ಕೀಗಳು ಮಾರಾಟವಾದವು. ಅದನ್ನು ಒಪ್ಪಿಕೊಂಡು ಗೇಮ್ ತಯಾರಿಸಿದ ವೂಬೆ ಕಂಪನಿಗೆ ಜಿಟುಎ 39,600 ಡಾಲರ್ ಕೊಟ್ಟದ್ದು 2020ರಲ್ಲಿ! ಕಂಪನಿಗೇ ನಾಲ್ಕು ವರ್ಷ ಹಿಡಿದರೆ, ಕೀ ರದ್ದಾದ ಅಥಣಿಯ ಹುಡುಗನ ಮಾತು ಯಾರು ಕೇಳ್ತಾರೆ? ಗೇಮ್ ಮಾಡಿದವರೇ ಹೆಸರಿಸಿದ ಅಂಗಡೀಲಿ ಕೊಳ್ಳಿ. ದುಬಾರಿ ಅನಿಸಿದ್ರೆ ಸೇಲ್ ಬರೋತನಕ ಕಾಯಿರಿ.