ಹೊತ್ತು ತಂದ ಪುಸ್ತಕ

ಗಳಗನಾಥರ ಕಾದಂಬರಿಗಳ ಮಾತು ಬಂದಾಗಲೆಲ್ಲ ವಿಮರ್ಶಕರು ಎರಡು ಆಕ್ಷೇಪ ಎತ್ತುತ್ತಾರೆ. ಅವುಗಳಲ್ಲಿ ಬಹಳಷ್ಟು ಮರಾಠಿಯಿಂದ ಬಂದವು, ನೀತಿಬೋಧೆಯೂ ಹೆಚ್ಚು. ಎರಡೂ ನಿಜವೇ. ಆದರೆ ಶಾಲಾ ಮಾಸ್ತರರಾಗಿದ್ದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಬರೆದು ಸುಮ್ಮನೆ ಕೂಡಲಿಲ್ಲ. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. 1907ರಲ್ಲಿ ಅಗಡಿಯಿಂದ ಹೊರಟ 'ಸದ್ಬೋಧ ಚಂದ್ರಿಕೆ'ಯ ಮೂಲಕವೂ ಓದುಗರನ್ನು ಬೆಳೆಸಿದರು. ಮರಾಠಿಯ ಪ್ರಭಾವ ದಟ್ಟವಾಗಿದ್ದ ನಮ್ಮ ಭಾಗದಲ್ಲಿ ಕನ್ನಡ ಪುಸ್ತಕವನ್ನು ಕೊಂಡು ಓದುವ ರೂಢಿ ಬೆಳೆದದ್ದರಲ್ಲಿ ಅವರ ಪಾಲು ದೊಡ್ಡದು. ಈ ಕೆಲಸವನ್ನು ಕೃತಿಗಳ ಗುಣದೋಷದ ತಕ್ಕಡಿಯಲ್ಲಿ ತೂಗಲಾಗದು.

ಸಾಕ್ಷರತೆಯ ಉತ್ಸವ ನಡೆಸುವ ನಾವು ಇದನ್ನು ಮರೆತಿದ್ದೇವೆ. ಸೆಪ್ಟೆಂಬರ್ 8ರಂದು ಘೋಷಣೆ ಕೂಗುತ್ತೇವೆ, ಭಾಷಣ ಮಾಡುತ್ತೇವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ 'ಅರಿವು ಕೇಂದ್ರ' ಎಂಬ ಚೆಂದದ ಹೆಸರು ಬಂದಿದೆ. 2020ರ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳಿಗೆ ಉಚಿತ ಸದಸ್ಯತ್ವವೂ ಸಿಕ್ಕಿತು. ಒಳ್ಳೆಯದೇ. ಆದರೆ ದಿನವಿಡೀ ಹೊಲಗದ್ದೆಯಲ್ಲಿ ದುಡಿದು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವ ನಮ್ಮ ಮುಗದದ ಹೆಣ್ಣುಮಗಳು ಗ್ರಂಥಾಲಯಕ್ಕೆ ಹೋಗುವುದು ಯಾವಾಗ? ಸಹಿ ಕಲಿತ ಕೈಗೆ ಪುಸ್ತಕ ಸಿಗದಿದ್ದರೆ ಕಲಿತ ಅಕ್ಷರವೂ ಮರೆತುಹೋಗುತ್ತದೆ.

ನಮ್ಮೂರ ಕುಂಬಾರರು ಸುಟ್ಟ ಗಡಿಗೆಯನ್ನು ಸಂತೆಗೆ ಒಯ್ದೇ ಮಾರಿದವರು. ಗಳಗನಾಥರು ಪುಸ್ತಕಕ್ಕೂ ಅದೇ ದಾರಿ ಹಿಡಿದರು. ನಾವು ಶಿಕ್ಷಕಿಯರು ಇಷ್ಟಾದರೂ ಮಾಡಬಹುದು: ಮಕ್ಕಳ ಪಾಟೀಚೀಲದಲ್ಲಿ ವಾರಕ್ಕೊಂದು ಪುಸ್ತಕವನ್ನು ಅವರ ತಾಯಂದಿರಿಗಾಗಿ ಕಳಿಸಬೇಕು. ಅದು ದೊಡ್ಡ ಅಕ್ಷರದ್ದಾಗಿರಲಿ, ಕಥೆಯದ್ದಾಗಿರಲಿ.