ರಾಜು ಗೈಡ್ ಮತ್ತು ಯಾದವಗಿರಿಯ ಮನೆ

ಊರಿಂದ ಬಂದ ನೆಂಟರಿಗೆ ಮೈಸೂರು ತೋರಿಸುವ ಕೆಲಸ ಸಾಮಾನ್ಯವಾಗಿ ಸಂಶೋಧನಾ ವಿದ್ಯಾರ್ಥಿಯ ಪಾಲಿಗೇ ಬರುತ್ತದೆ. ಹಾಗೆ ಒಮ್ಮೆ ಯಾದವಗಿರಿಯಲ್ಲಿರುವ ಆರ್.ಕೆ. ನಾರಾಯಣ್ ಅವರ ಮನೆಯ ಮಹಡಿಯಲ್ಲಿ ನಿಂತು, ‘ದಿ ಗೈಡ್ ಬರೆದದ್ದು ಇದೇ ಕಿಟಕಿಯ ಹತ್ತಿರ’ ಎಂದುಬಿಟ್ಟೆ. ಎಲ್ಲರೂ ಕಿಟಕಿಯ ಫೋಟೊ ತೆಗೆದುಕೊಂಡರು. ಆ ಕಾದಂಬರಿಯನ್ನು ಅವರು ಬರೆದದ್ದು ಅಮೆರಿಕದ ಬರ್ಕ್ಲಿಯ ಹೋಟೆಲಿನಲ್ಲಿ ಎಂದು ನನಗೆ ಗೊತ್ತಿತ್ತು. ಪ್ರವಾಸಿಗರ ಮುಖ ನೋಡಿ ಚರಿತ್ರೆ ಹೊಸೆಯುವ ರಾಜುವಿನ ಕಥೆ ಓದಿದ್ದ ನಾನೇ ರಾಜು ಆಗಿದ್ದೆ.

ಈ ಮನೆ ಉಳಿದದ್ದೇ ಹೆಚ್ಚು. 2011ರಲ್ಲಿ ಅದನ್ನು ಕೆಡವಲು ಶುರುಮಾಡಿದ್ದರು. ಸರ್ಕಾರ ತಡೆಯಿತು, ಮಹಾನಗರ ಪಾಲಿಕೆ ಕೊಂಡು ದುರಸ್ತಿ ಮಾಡಿತು, 2016ರಲ್ಲಿ ಅದು ಮ್ಯೂಸಿಯಂ ಆಯಿತು. ಇಂಗ್ಲಿಷಿನಲ್ಲಿ ಬರೆದವರಿಗೆ ಕನ್ನಡಿಗರ ದುಡ್ಡು ಯಾಕೆ ಎಂದು ಕೆಲವು ಕನ್ನಡ ಸಾಹಿತಿಗಳು ಆಗ ಕೇಳಿದ್ದರು. ನನ್ನ ತಕರಾರು ಬೇರೆ. ಅಲ್ಲಿ ಅವರ ಬಟ್ಟೆ, ಪುಸ್ತಕ, ಫೋಟೊ, ಪ್ರಶಸ್ತಿಗಳಿವೆ. ಹಸ್ತಪ್ರತಿಗಳ ಸಂಗ್ರಹ ಇರುವುದು ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ. ಲೇಖಕರ ಕೋಟು ನೋಡಿ ಹೊರಬರುವವರಿಗೆ ಲೇಖಕರ ವಾಕ್ಯ ಸಿಗುವುದು ಎಲ್ಲಿ?

ಇಂಥ ಮನೆಗಳು ‘ಆದಾಯ ತರಬೇಕು’ ಎಂಬ ಮಾತು ನಮ್ಮ ತಿ. ನರಸೀಪುರದ ಕಡೆಯೂ ಕೇಳುತ್ತದೆ. ಪಿಟೀಲಿಗೆ ಏಳು ತಂತಿ ಕಟ್ಟಿದ ಚೌಡಯ್ಯನವರು ತಿರುಮಕೂಡಲಿನವರು. ಪಿಟೀಲಿನ ಆಕಾರದ ಅವರ ಸ್ಮಾರಕ ಭವನ ಇರುವುದು ಬೆಂಗಳೂರಿನಲ್ಲಿ. ಇಲ್ಲೂ ಒಂದು ಮ್ಯೂಸಿಯಂ ಆದರೆ ತಲಕಾಡು, ಸೋಮನಾಥಪುರಕ್ಕೆ ಹೋಗುವ ಕಾರುಗಳು ನಿಲ್ಲುತ್ತವೆ, ನಾಲ್ಕು ಅಂಗಡಿಗೆ ವ್ಯಾಪಾರವಾಗುತ್ತದೆ ಎನ್ನುವುದು ಲೆಕ್ಕ. ಆ ಲೆಕ್ಕವನ್ನು ನಾನು ಹೀಗಳೆಯಲಾರೆ. ಅಂಗಡಿಯವರೂ ಬದುಕಬೇಕು. ಆದರೆ ಸಂಗೀತ ಕೇಳಿಸದ ಚೌಡಯ್ಯ ಮ್ಯೂಸಿಯಂಗೆ ಜನ ಎರಡನೇ ಸಲ ಯಾಕೆ ಬಂದಾರು?

ಇದನ್ನೆಲ್ಲ ನಾರಾಯಣ್ 1958ರಲ್ಲೇ ಬರೆದಿಟ್ಟಿದ್ದಾರೆ. ‘ದಿ ಗೈಡ್’ ಕೊನೆಯಲ್ಲಿ ಮಳೆಗಾಗಿ ಉಪವಾಸ ಕೂತ ರಾಜು ತಾನೇ ಒಂದು ಪ್ರವಾಸಿ ತಾಣವಾಗುತ್ತಾನೆ. ವಿಶೇಷ ರೈಲು ಬರುತ್ತದೆ, ಅಂಗಡಿ ಏಳುತ್ತದೆ, ಅಮೆರಿಕದಿಂದ ಕ್ಯಾಮೆರಾ ಬರುತ್ತದೆ. ಎಲ್ಲರಿಗೂ ಲಾಭ, ನಡುವೆ ಒಬ್ಬ ಮನುಷ್ಯ ಸೊರಗುತ್ತಿದ್ದಾನೆ. ವ್ಯಾಪಾರವನ್ನು ನಾರಾಯಣ್ ಶಪಿಸುವುದಿಲ್ಲ. ಜನ ನೋಡಲು ಬಂದದ್ದೇನು, ನೋಡಿದ್ದೇನು ಎಂಬ ಅಂತರವನ್ನು ಮಾತ್ರ ನಗುನಗುತ್ತಲೇ ಅಳೆಯುತ್ತಾರೆ.

ಆ ಜನಜಂಗುಳಿಗೆ ಒಂದು ಊರೂ ಇದೆ. ‘ಗೈಡ್’ ಸಿನಿಮಾ ಮಾಡಲು ಬಂದವರನ್ನು ತಾವು ನಂಜನಗೂಡಿಗೆ ಕರೆದೊಯ್ದು ದೇವಸ್ಥಾನದ ಬೀದಿ, ಕಪಿಲೆಯಲ್ಲಿ ಮೀಯುವ ಯಾತ್ರಿಕರನ್ನು ತೋರಿಸಿದ್ದನ್ನು ನಾರಾಯಣ್ ಒಂದು ಲೇಖನದಲ್ಲಿ ನೆನೆಯುತ್ತಾರೆ. ಜಾತ್ರೆಯಲ್ಲಿ ಚಿತ್ರೀಕರಿಸಿದರೆ ಕಾದಂಬರಿಯ ಕೊನೆಯ ದೃಶ್ಯ ಪುಕ್ಕಟೆಯಾಗಿ ಸಿಗುತ್ತದೆ ಎನ್ನುವುದು ಅವರ ಸಲಹೆಯಾಗಿತ್ತು. ಚಿತ್ರತಂಡ ರಾಜಸ್ಥಾನಕ್ಕೆ ಹೋಯಿತು. ಇತ್ತ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದಲ್ಲಿ ಈಗ ಮಾಲ್ಗುಡಿ ಮ್ಯೂಸಿಯಂ ಇದೆ. ಕ್ಯಾಮೆರಾ ಹೋದ ಕಡೆ ಪ್ರವಾಸಿಗರೂ ಹೋಗುತ್ತಾರೆ.

ನೆಂಟರು ಮತ್ತೆ ಬಂದಾಗ ಮೊದಲು ಕಿಟಕಿಯ ಸುಳ್ಳನ್ನು ಒಪ್ಪಿಕೊಂಡೆ. ನಂತರ ನಂಜನಗೂಡಿನ ಸ್ನಾನಘಟ್ಟದ ಮೆಟ್ಟಿಲ ಮೇಲೆ ಕೂತು ಕೊನೆಯ ಅಧ್ಯಾಯದ ಕಥೆ ಹೇಳಿದೆ. ಬೆಟ್ಟದಲ್ಲಿ ಮಳೆ ಬರುತ್ತಿದೆ ಎಂದು ರಾಜು ಕುಸಿಯುವಲ್ಲಿಗೆ ನಿಲ್ಲಿಸಿದಾಗ ಅಕ್ಕನ ಮಗಳು ಕೇಳಿದಳು: ‘ನಿಜವಾಗ್ಲೂ ಮಳೆ ಬಂತಾ?’

ಗೊತ್ತಿಲ್ಲ ಎಂದೆ. ‘ಹಾಗಾದ್ರೆ ಪುಸ್ತಕ ಕೊಡು’ ಅಂದಳು. ಯಾದವಗಿರಿಯ ಮನೆಯಲ್ಲಿ ಅವಳು ಏನನ್ನೂ ಕೇಳಿರಲಿಲ್ಲ.