ಯುದ್ಧಭೂಮಿಯಲ್ಲಿ ಬಲಿಪೂಜೆ



ಬನಶಂಕರಿಗೆ ನೆರೆಯ ಗುಳೇದಗುಡ್ಡದಲ್ಲಿ 1851ರಿಂದ ಬಾಸೆಲ್ ಮಿಷನ್ ಸೇವೆ ಸಲ್ಲಿಸಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಆ ಮಿಷನ್ನಿನ ಜರ್ಮನ್ ಬೋಧಕರು ಬ್ರಿಟಿಷ್ ಸರಕಾರಕ್ಕೆ ಶತ್ರುಗಳಾದರು. ಒಂದೇ ಶುಭಸಂದೇಶವನ್ನು ನಂಬಿದವರು ಎರಡು ಪಾಳೆಯಗಳಾಗಿ ಒಡೆದ ಆ ವರ್ಷದ ಕಥೆಯೇ ಕ್ರಿಸ್ಟಿಯಾನ್ ಕಾರಿಯೋನ್ ನಿರ್ದೇಶಿಸಿದ 2005ರ ಚಲನಚಿತ್ರ ‘ಜ್ವಾಯೆ ನೊಯೆಲ್’.

ಕ್ರಿಸ್ಮಸ್ ರಾತ್ರಿ ಫ್ರೆಂಚ್, ಸ್ಕಾಟಿಷ್, ಜರ್ಮನ್ ಸೈನಿಕರು ಕಂದಕಗಳಿಂದ ಮೇಲೆದ್ದು ಬರುತ್ತಾರೆ. ಗುರು ಪಾಲ್ಮರ್ ಲತೀನಿನಲ್ಲಿ ಬಲಿಪೂಜೆ ಅರ್ಪಿಸುತ್ತಾರೆ. ಯೆಹೂದಿಯಾದ ಜರ್ಮನ್ ಅಧಿಕಾರಿಯ ಮನಸ್ಸೂ ಕರಗುತ್ತದೆ. ಅಂದು ಹಲವೆಡೆ ಕದನ ನಿಂತದ್ದು ಚಾರಿತ್ರಿಕ ಸತ್ಯ. ಆದರೆ ಗಾಯಕಿಯೊಬ್ಬಳನ್ನು ರಣರಂಗಕ್ಕೆ ಕರೆತಂದ ಕಲ್ಪನೆ ಅತಿ ಭಾವುಕವೆನಿಸುತ್ತದೆ.

ಚಿತ್ರದ ನಿಜವಾದ ಕಸುವು ಕೊನೆಯಲ್ಲಿದೆ. ಶತ್ರುಗಳನ್ನು ಕೊಲ್ಲುವುದೇ ಧರ್ಮವೆಂದು ಧರ್ಮಾಧ್ಯಕ್ಷರು ಹೊಸ ಸೈನಿಕರಿಗೆ ಪ್ರಬೋಧಿಸುತ್ತಾರೆ. ಅದನ್ನು ಕೇಳಿದ ಪಾಲ್ಮರ್ ತಮ್ಮ ಕೊರಳ ಶಿಲುಬೆಯನ್ನು ತೆಗೆದಿಟ್ಟು ಹೊರನಡೆಯುತ್ತಾರೆ. ಗುರುವಾದ ನನ್ನ ಎದೆಗೆ ನಾಟಿದ ದೃಶ್ಯವಿದು. ಆದರೂ ನಿರ್ದೇಶಕರ ಈ ತೀರ್ಪನ್ನು ನಾನು ಒಪ್ಪಲಾರೆ. ಶಿಲುಬೆಯನ್ನು ತೊರೆದವರು ಧರ್ಮಾಧ್ಯಕ್ಷರು, ಪಾಲ್ಮರ್ ಅಲ್ಲ. ಸಾಯುವ ಸೈನಿಕನ ಕಣ್ಣಮುಂದೆ ಅದನ್ನು ಹಿಡಿದು ನಿಲ್ಲಬೇಕಾದವರು ಅವರೇ ಅಲ್ಲವೇ?

ಮಕ್ಕಳೊಡನೆ ಕುಳಿತು ಈ ಚಿತ್ರವನ್ನು ನೋಡಿರಿ. ಗಡಿಯಲ್ಲಿರುವ ನಮ್ಮ ಮಕ್ಕಳಿಗಾಗಿ ಪ್ರಾರ್ಥಿಸುವಾಗ ಗಡಿಯಾಚೆಯ ತಾಯಂದಿರ ಮಕ್ಕಳನ್ನೂ ನೆನೆಯಿರಿ.